ಮರ ಬೇಡ ಮಾರಾಯ

ನಮ್ಮ ಹೌಸಿಂಗ್ ಸೊಸೈಟಿಯ ಜೀಗುಜ್ಜೆ ಮರವನ್ನು ಕಡಿಸಬೇಕೆಂದು ತೀರ್ಮಾನವಾದ ಸಭೆಯಲ್ಲಿ ನಾನೂ ಇದ್ದೆ. ಎಲ್ಲರಂತೆ ಕೈ ಎತ್ತಿದೆ, ಅರ್ಜಿಗೆ ಸಹಿಯನ್ನೂ ಹಾಕಿದೆ. ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಮಾತ್ರ ಒಂದೆರಡು ಕೊಂಬೆಯ ಮಾತು. "ಗೆಲ್ಲು ಕಡಿಸ್ತಾರಂತೆ, ಅಷ್ಟೇ."

ಆ ಮರ ಅಮ್ಮನದು. ಇಪ್ಪತ್ತೈದು ವರ್ಷದ ಹಿಂದೆ ಉಡುಪಿಯಿಂದ ಬರುವ ಬಸ್ಸಿನಲ್ಲಿ ಸಸಿಯನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಕೂತು ಬಂದವಳು ಅವಳು. ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ನಮ್ಮ ಕಟ್ಟಡದ ಹಿಂದೆ ಅದನ್ನು ನೆಟ್ಟಳು. ಫ್ಯಾಕ್ಟರಿಗಳ ಘಾಟು ಬಂದಾಗ ನಾವೆಲ್ಲ ಕಿಟಕಿ ಮುಚ್ಚಿದೆವು. ಮರ ಆ ಗಾಳಿಯನ್ನೇ ಕುಡಿದು ಮೂರು ಮಾಳಿಗೆ ಎತ್ತರಕ್ಕೆ ಬೆಳೆಯಿತು.

ಹೋದ ಮಳೆಗಾಲದಲ್ಲಿ ಪುಟ್ಟ ಹಲಸಿನಕಾಯಿಯಷ್ಟಿದ್ದ ಒಂದು ಜೀಗುಜ್ಜೆ ನೇರವಾಗಿ ಸೆಕ್ರೆಟರಿಯ ಸ್ಕೂಟರಿನ ಮೇಲೆ ಬಿತ್ತು. ಸೀಟು ತಗ್ಗಾಯಿತು, ಸೆಕ್ರೆಟರಿಯ ಕೋಪ ಏರಿತು. ಅವರು ಎರಡನೆಯ ಮಾಳಿಗೆಯ ಮರಾಠಿ ಗೃಹಸ್ಥರು. ಕಾಂಪೌಂಡ್ ಗೋಡೆ ವಾಲುತ್ತಿದೆ, ಬೇರು ನೀರಿನ ಟ್ಯಾಂಕಿಗೆ ಬರುತ್ತಿದೆ ಎಂದೆಲ್ಲ ಸಭೆಯಲ್ಲಿ ಭಾಷಣ ಮಾಡಿದರು. ಎದ್ದು ನಿಂತು ಎದುರಾಡಬೇಕಾಗಿದ್ದವನು ನಾನು. ಆದರೆ ಆ ವಾರ ನನಗೆ ಶೆಡ್ಡಿನ ಕೆಳಗೆ ಪಾರ್ಕಿಂಗ್ ಜಾಗ ಬೇಕಾಗಿತ್ತು, ಅದನ್ನು ಕೊಡುವವರು ಸೆಕ್ರೆಟರಿ. ನನ್ನ ಪೌರುಷದ ಕಥೆ ಇಷ್ಟೇ.

ಮಹಾಪಾಲಿಕೆಯಿಂದ ಒಬ್ಬರು ಬಂದು ಟೇಪು ಹಿಡಿದು ಮರವನ್ನು ಅಪ್ಪಿಕೊಂಡು ಅಳೆದು ಹೋದರು. ಕೆಲವು ತಿಂಗಳ ನಂತರ ಪರವಾನಗಿ ಬಂತು. ಕಡಿಯುವವನನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. "ನಿಮ್ಮದೇ ಮರ ಅಲ್ವಾ" ಎಂದರು ಸೆಕ್ರೆಟರಿ. ಸಭೆಯಲ್ಲಿ ಅದು ಯಾರ ಮರವೂ ಆಗಿರಲಿಲ್ಲ.

ಮೊದಲು ನವಿ ಮುಂಬಯಿಯ ಒಂದು ಕಂಪನಿಗೆ ಫೋನು ಮಾಡಿದೆ. ಬಹಳ ವಿನಯದ ಹೆಣ್ಣುಮಗಳೊಬ್ಬಳು ಮರದ ವಯಸ್ಸು, ಎತ್ತರ, ಸುತ್ತಳತೆ, ಹಿಂದೆ ಏನಾದರೂ ರೋಗ ಬಂದಿತ್ತೇ, ಯಾರು ನೋಡುತ್ತಿದ್ದರು ಎಂದು ಕೇಳಿದಳು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದಾಗಲೂ ಇಷ್ಟು ವಿಚಾರಿಸಿರಲಿಲ್ಲ. ಬೇಲಾಪುರದ ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರು ಕಡೆಗೆ ಕಳವಾ ಊರಿನ ಮರ ಕಡಿಯುವವನೊಬ್ಬನ ನಂಬರು ಕೊಟ್ಟರು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಬುಡದಲ್ಲಿ ಮಣ್ಣಿದೆಯೋ, ಸಿಮೆಂಟೋ?" ಇವನು ಕೆಲಸ ಗೊತ್ತಿದ್ದವನು ಅನ್ನಿಸಿತು.

ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ಐವತ್ತು ದಾಟಿದವರು. ಅವನು ಹತ್ತುವುದು, ಆಕೆ ಕೆಳಗೆ ನಿಂತು ಹಗ್ಗ ಹಿಡಿಯುವುದು. ಗಂಡನ ಜೀವ ಹೆಂಡತಿಯ ಕೈಯಲ್ಲಿರುವುದು ಎಲ್ಲ ಮದುವೆಗಳಲ್ಲೂ ಇದ್ದದ್ದೇ. ಇವರಲ್ಲಿ ಹಗ್ಗ ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ.

ಅವನು ಮರಕ್ಕೆ ಒಂದು ಸುತ್ತು ಹಾಕಿದ. ಕತ್ತಿಯ ಹಿಂಬದಿಯಿಂದ ಕಾಂಡವನ್ನು ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿದ. ಏನೋ ಹೇಳಲು ನನ್ನ ಕಡೆ ತಿರುಗಿದ. ಅಮ್ಮ ಪೂಜೆಗೆ ಕೂತಿದ್ದಳು. ಅವಳು ಏಳುವುದರೊಳಗೆ ಮುಗಿದರೆ ಸಾಕಾಗಿತ್ತು, ಮೂರು ಮಾಳಿಗೆಯ ಮರ ಮಂಗಳಾರತಿಯೊಳಗೆ ಮಾಯವಾಗುತ್ತದೆ ಎಂಬಂತೆ. "ಚಾಲೂ ಕರಾ", ಶುರು ಮಾಡಿ ಎಂದು ಅವಸರಿಸಿದೆ. ಅವನು ಭುಜ ಕುಣಿಸಿ, ಬುಡದಿಂದ ಒಂದು ಮೊಳ ಮೇಲೆ ಕಾಂಡದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮೇಲೆ ಹತ್ತಿದ.

ಅಷ್ಟರಲ್ಲಿ ಅಮ್ಮ ನಿರ್ಮಾಲ್ಯದ ಹೂ ಹಿಡಿದು ಅಲ್ಲಿಗೇ ಬಂದಳು. ಮೊದಲು ಕಂಡದ್ದೇ ಗೆರೆ.

"ಗೆಲ್ಲು ಕಡಿಲಿಕ್ಕೆ ಬುಡಕ್ಕೆ ಎಂತಕ್ಕೆ ಗೆರೆ?" ಎಂದು ನನ್ನನ್ನು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳಿಗೇ ಉತ್ತರ ಸಿಕ್ಕಿತ್ತು. ಹೂವನ್ನು ಕೆಳಗೆ ಹಾಕಿ, ಎರಡೂ ಕೈ ಮೇಲೆತ್ತಿ ಕೂಗಿದಳು: "ಮರ ಬೇಡ! ಮರ ಬೇಡ ಮಾರಾಯ!"

ಅಮ್ಮನಿಗೆ ಮರಾಠಿ ಬರುವುದಿಲ್ಲವೆಂದಲ್ಲ. ನಲವತ್ತು ವರ್ಷದಿಂದ ತರಕಾರಿಯವಳ ಜೊತೆ ಮರಾಠಿಯಲ್ಲೇ ಜಗಳಾಡಿ ಗೆದ್ದುಕೊಂಡು ಬಂದವಳು. ಆದರೆ ಗಾಬರಿಯಾದವರಿಗೆ ಅನುವಾದ ಮಾಡುವ ಪುರುಸೊತ್ತು ಎಲ್ಲಿ? ಕೆಳಗಿನಿಂದ ಹೊರಟ ಕನ್ನಡ ಮೇಲೆ ಮುಟ್ಟುವಾಗ ಮರಾಠಿಯಾಗಿತ್ತು. 'ಮರ್' ಎಂದರೆ ಸತ್ತುಹೋಗು. 'ವೇಡಾ' ಎಂದರೆ ಹುಚ್ಚ. ಕೊನೆಯ 'ಮಾರಾಯ'ದಲ್ಲಿ ಹುಡುಕಿದವರಿಗೆ ಹೊಡಿ, ಬಡಿ ಎಂಬುದೂ ಸಿಗುತ್ತದೆ. ನೆಲದಿಂದ ಇಪ್ಪತ್ತೈದು ಅಡಿ ಮೇಲೆ ನೇತಾಡುತ್ತಿರುವವನಿಗೆ ಅಪರಿಚಿತ ಮುದುಕಿಯೊಬ್ಬಳು ಬೆಳಬೆಳಗ್ಗೆ ಹಾಕಿದ ಶಾಪ ಅದು.

ಅವನು ಎರಡೂ ಕೈಯಿಂದ ಕಾಂಡವನ್ನು ಅಪ್ಪಿ ಹಾಗೇ ನಿಂತ. ಹೆಂಡತಿ ಹಗ್ಗವನ್ನು ಹಿಂದಿನ ಗೇಟಿನ ಕಂಬಕ್ಕೆ ಎರಡು ಸುತ್ತು ಬಿಗಿದು, ಸೆರಗು ಸಿಕ್ಕಿಸಿಕೊಂಡು ಬಂದಳು. "ಕಾಯ್ ಆಜಿ, ಮಾಝ್ಯಾ ಮಾಣಸಾಲಾ ಮರ್ ಮ್ಹಣತೇಸ್?" ನನ್ನ ಗಂಡನಿಗೆ ಸಾಯಲು ಹೇಳುತ್ತೀಯಾ ಎಂದು ಕೇಳಿದಳು. ಅಮ್ಮ ಮರವನ್ನು ತೋರಿಸಿ ಇನ್ನೂ ಗಟ್ಟಿಯಾಗಿ "ಮರ, ಮರ" ಎಂದಳು.

ನಾನು ಇಬ್ಬರ ನಡುವೆ ಹಾರಿದೆ. ನಮ್ಮ ಭಾಷೆಯಲ್ಲಿ ಮರ ಎಂದರೆ ಝಾಡ, ಬೇಡ ಎಂದರೆ ನಕೋ ಎಂದು ಬಿಡಿಸಿ ಹೇಳಿದೆ. ಆಕೆಗೆ ನಂಬಿಕೆ ಬರಲಿಲ್ಲ. "ಹಾಗಾದರೆ ಸಾಯಲು ಹೇಳಬೇಕಾದರೆ ನೀವು ಏನನ್ನುತ್ತೀರಿ?" ಎಂದು ಪರೀಕ್ಷೆಗೆ ನಿಂತಳು. ಅದನ್ನು ಹೇಳುವುದು ಹೇಗೆ? ನಮ್ಮಲ್ಲಿ ಅದಕ್ಕಿರುವ ಎರಡಕ್ಷರ, ಆಕೆಯ ಕೊರಳಿನ ಲಾಕೆಟ್ಟಿನಲ್ಲಿ ತಲೆಗೆ ಬಟ್ಟೆ ಕಟ್ಟಿ ಕೂತಿದ್ದ ಬಾಬಾನ ಹೆಸರು.

ಕಡೆಗೆ ಅಮ್ಮನಿಗೇ ಮರಾಠಿ ನೆನಪಾಯಿತು. "ಬಾಯಿ, ಝಾಡ ನಕೋ ತೋಡೂ", ಮರ ಕಡಿಯಬೇಡ ತಾಯಿ ಎಂದು ಕೈಮುಗಿದಳು. ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಿಂದ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆಕೆ ಮೇಲೆ ನೋಡಿ ಗಂಡನನ್ನು ಇಳಿಯಲು ಹೇಳಿದಳು.

ಗಲಾಟೆ ಕೇಳಿ ಸೆಕ್ರೆಟರಿ ಲುಂಗಿಯಲ್ಲೇ ಇಳಿದು ಬಂದರು, ಕೈಯಲ್ಲಿ ಅರ್ಜಿ, ಪರವಾನಗಿ ಎಲ್ಲ ಇತ್ತು. "ನೋಡಿ ಆಜಿ, ಎಲ್ಲರೂ ಸಹಿ ಹಾಕಿದ್ದಾರೆ" ಎಂದು ಕಾಗದವನ್ನು ಅಮ್ಮನ ಕೈಗೇ ಕೊಟ್ಟರು. ನಾನು ನಡುವೆ ಕೈ ಚಾಚಿದೆ, ತಡವಾಗಿತ್ತು. ಅಮ್ಮ ಕನ್ನಡಕ ಏರಿಸಿ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಮಡಚಿ ಮರಳಿಸಿದಳು. ಅವಳ ಮರಾಠಿ ಓದು ಸ್ಟೇಷನ್ನಿನ ಬೋರ್ಡುಗಳಿಗೆ ಮುಗಿಯುತ್ತದೆ, ಸರಕಾರಿ ಮರಾಠಿ ತಲೆಗೆ ಹತ್ತಿರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಇಳಿದು ಬಂದವನು ನೀರು ಕುಡಿದು ಮಾತಾಡಿದ. ಮರ ಒಳಗೆ ಟೊಳ್ಳಿಲ್ಲ, ಕಲ್ಲಿನ ಹಾಗಿದೆ. ಗೋಡೆಯ ಕಡೆಯ ಮೂರು ಗೆಲ್ಲು ತೆಗೆದರೆ ಭಾರ ಇಳಿಯುತ್ತದೆ. "ಹತ್ತುವ ಮೊದಲೇ ಹೇಳುವವನಿದ್ದೆ, ಸಾಹೇಬರಿಗೆ ಅರ್ಜೆಂಟಿತ್ತು" ಎಂದು ನನ್ನನ್ನು ತೋರಿಸಿದ. ಪರವಾನಗಿ ಇದೆಯಲ್ಲ ಎಂದರು ಸೆಕ್ರೆಟರಿ. "ಲಗ್ನಕ್ಕೂ ಪರವಾನಗಿ ಇದೆ ಸಾಹೇಬ, ಹಾಗಂತ ದಿನಾ ಮಾಡಿಕೊಳ್ಳುತ್ತೇವೆಯೇ?" ಎಂದ ಅವನು. ಹೆಂಡತಿಯೇ ಮೊದಲು ನಕ್ಕಳು. ಮೂರು ಗೆಲ್ಲು ಬಿದ್ದಾಗ ಸೆಕ್ರೆಟರಿಯ ಬಾಲ್ಕನಿಗೆ ಬಿಸಿಲು ಬಂತು. ಅವರು ಬನಿಯನ್ನುಗಳನ್ನು ಒಣಹಾಕಲು ಮೇಲೆ ಹೋದರು, ಮತ್ತೆ ಇಳಿಯಲಿಲ್ಲ.

ಬಿದ್ದ ಗೆಲ್ಲಿನ ಜೀಗುಜ್ಜೆಗಳನ್ನು ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಅಮ್ಮ ಪೋಡಿ ಕರಿದಳು. ಗಂಡ ಹೆಂಡತಿಗೆ ಬಡಿಸಿದಳು, ಸೆಕ್ರೆಟರಿಗೂ ಒಂದು ತಟ್ಟೆ ಕಳಿಸಿದಳು. ಎಲ್ಲರೂ ಹೋದ ಮೇಲೆ ನನ್ನ ತಟ್ಟೆಗೆ ಹಾಕುತ್ತ, ಬಹಳ ಸಾವಧಾನದಿಂದ, "ಸಹಿ ಚಂದ ಉಂಟು" ಎಂದಳು.

ಕೈಯಲ್ಲಿದ್ದ ಪೋಡಿಯನ್ನು ತಟ್ಟೆಗೇ ಇಟ್ಟೆ. ಓದಿದ್ದೆಲ್ಲ ಮರಾಠಿ ಶಾಲೆಯಲ್ಲಾದರೂ ನಾನು ಎಲ್ಲ ಕಡೆಯೂ ಕನ್ನಡದಲ್ಲೇ ಸಹಿ ಹಾಕುವವನು. ಅದೊಂದು ಜಂಬ ನನಗೆ. ಆ ಕಾಗದದಲ್ಲಿ ಅಮ್ಮನಿಗೆ ಸಲೀಸಾಗಿ ಓದಲು ಬರುತ್ತಿದ್ದದ್ದು ಅದೊಂದೇ ಸಾಲು. ಒಂದನೇ ಕ್ಲಾಸಿನಲ್ಲಿರುವಾಗ ಅಡುಗೆಮನೆಯ ನೆಲದ ಮೇಲೆ ಬಳಪ ಹಿಡಿಸಿ ನನಗೆ ಆ ಅಕ್ಷರ ತಿದ್ದಿಸಿದವಳು ಅವಳೇ.

ಇನ್ನೊಂದು ಪೋಡಿ ಹಾಕಿ ಅಮ್ಮ ಹೇಳಿದಳು: "ಕಲಿಸಿದ್ದು ದಂಡ ಆಗ್ಲಿಲ್ಲ."