ಜೀರಿಗೆ ಮಿಡಿಯ ಮರ ಯಾವುದು?

ನನ್ನ ಸೋಮಾರಿ ನೆನಪಿಗೆ ತೆತ್ತ ಬೆಲೆ ಒಂದು ಮಾವಿನ ಮರ. ಅದೂ ನನ್ನದಲ್ಲ, ಹೆಗ್ಗರಣೆ ಕಡೆಯ ಒಬ್ಬ ವೃದ್ಧೆಯದು. ನಾನು ಅವರನ್ನು ಅಮ್ಮ ಎಂದೇ ಕರೆಯುತ್ತೇನೆ. ಯಾಕೆ ತೆತ್ತೆ ಎಂದರೆ, ಫೋನಿನಲ್ಲಿ ಇದ್ದದ್ದೆಲ್ಲ ನನ್ನ ತಲೆಯಲ್ಲೂ ಇದೆ ಎಂದುಕೊಂಡಿದ್ದೆ.

ನಾನು ಬನವಾಸಿ ಕಡೆಯವನು. ಬರಿಗೈಲಿ ಶಿರಸಿಗೆ ಬಂದು, ಉಪ್ಪಿನಕಾಯಿ ಮಾಡುವವರಿಗೆ ಅಪ್ಪೆಮಿಡಿ ಒದಗಿಸುವ ವ್ಯಾಪಾರಕ್ಕಿಳಿದೆ. ಹೊಳೆದಂಡೆಯ ಕಾಡುಮಾವಿನ ಎಳೆಗಾಯಿ ಅದು. ಒಂದೊಂದು ಮರದ್ದು ಒಂದೊಂದು ಪರಿಮಳ. ಆಗ ನನಗೆ ಅದೆಲ್ಲ ತಿಳಿಯದು, ಗೊತ್ತಿದ್ದದ್ದು ಚೌಕಾಸಿ ಮಾತ್ರ. ಅಮ್ಮನ ಜಗಲಿಯಲ್ಲಿ ಕುಳಿತು, "ಎಲ್ಲಾ ಮಿಡೀನೂ ಹುಳೀನೇ ಅಲ್ಲೇನ್ರೀ ಅಮ್ಮಾ, ಸ್ವಲ್ಪ ಕಮ್ಮಿ ಮಾಡ್ರಿ" ಎಂದೆ.

"ಎಲ್ಲ ಒಂದೇ ಹುಳಿ ಅಂಬವಂಗೆ ಆನು ಕೊಡದಿಲ್ಲೆ. ಕಣ್ ಮುಚ್ಚು ತಮಾ. ಬಾಯಿನೂ ಮುಚ್ಚು" ಎಂದು ಅಮ್ಮ ಒಂದು ಮಿಡಿಯ ತೊಟ್ಟು ಮುರಿದು, ಸೊನೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಹುರಿದ ಜೀರಿಗೆಯ ವಾಸನೆ! ಅವರ ಅತ್ತೆಯ ಕಾಲದಿಂದ ಆ ಮನೆಯ ಉಪ್ಪಿನಕಾಯಿ ಆ ಒಂದು ಮರದ್ದೇ. ಅಂಥ ಪರಿಮಳ ನಾನು ಬೇರೆಲ್ಲೂ ಕಂಡಿಲ್ಲ.

ಮರಗಳನ್ನು ನೆನಪಿಡುವುದನ್ನು ಕಲಿಸಿದವರೂ ಅವರೇ. ಕಾಲುಸಂಕದಿಂದ ಹೊಳೆಗುಂಟ ಮೇಲಕ್ಕೆ ಹೋಗುತ್ತ ಮರಕ್ಕೊಂದು ಗುರುತು: ಕೊಡ ತುಂಬುವವಳ ಹಾಗೆ ಬಗ್ಗಿದ್ದು, ಕೆಂಪಿರುವೆ ಗೂಡಿನದ್ದು, ತೊಗಟೆ ಸುಲಿದದ್ದು. ಹೋಗುವಾಗ ಕೆಳಗಿನಿಂದ, ಬರುವಾಗ ಮೇಲಿನಿಂದ ಹೇಳಿಕೊಳ್ಳಬೇಕು. ಸಿದ್ದಾಪುರದ ಬಸ್ಸಿನಲ್ಲಿ ಕುಳಿತು ನಾನು ಗುಣುಗುಣು ಹೇಳಿಕೊಳ್ಳುತ್ತಿದ್ದರೆ ಪಕ್ಕದವರು ಜಪ ಎಂದುಕೊಳ್ಳುತ್ತಿದ್ದರು. ಜೀರಿಗೆ ಮಿಡಿಯ ಮರಕ್ಕೂ ಒಂದು ಗುರುತು ಹೇಳಿಕೊಟ್ಟಿದ್ದರು. ಅದೇನೆಂದು ಇವತ್ತಿಗೂ ನೆನಪಾಗಿಲ್ಲ.

ಫೋನು ಬಂತು. ಮರಗಳ ಫೋಟೋ ತೆಗೆದು, ಕೆಳಗೆ ಒಂದೊಂದರ ಹೆಸರು ಬರೆದಿಟ್ಟೆ. ಜಪ ನಿಂತಿತು, ಬಸ್ಸಿನಲ್ಲಿ ವಿಡಿಯೋ ನೋಡತೊಡಗಿದೆ. ವ್ಯಾಪಾರ ಯಲ್ಲಾಪುರದವರೆಗೂ ಹಬ್ಬಿತು. ಅಮ್ಮನ ಹೊಳೆದಂಡೆಯ ಮಣ್ಣು ಕೊರೆದು ಮರಗಳು ಬಾಗಿದ್ದರಿಂದ ಐದಾರು ವರ್ಷ ಅಲ್ಲಿ ಯಾರೂ ಹತ್ತಲಿಲ್ಲ, ನಾನೂ ಇಳಿಯಲಿಲ್ಲ. ನಡುವೆ ಫೋನು ಬದಲಾಯಿಸಿದೆ. ಫೋಟೋಗಳು ಬಂದವು, ಕೆಳಗಿನ ಬರಹ ಬರಲಿಲ್ಲ.

ಒಂದು ಮಳೆಗಾಲದ ಮೊದಲಿಗೆ ಅಮ್ಮ ಕರೆ ಮಾಡಿದರು. "ಜೀರಿಗೆ ಮಿಡಿ ಮರ ಈ ವರ್ಷ ಉಳಿಯದಿಲ್ಲೆ ತಮಾ. ನನ್ ಕಾಲು ದಂಡೆಗೆ ಇಳೀತಿಲ್ಲೆ. ನಿಂಗೆ ಗೊತ್ತಿದ್ದಲ, ಕಡ್ಡಿ ತಂದು ಕಸಿ ಕಟ್ಸು."

ಹುಲೇಕಲ್ಲಿನ ಕಸಿ ಕಟ್ಟುವವನನ್ನು ಕರೆದುಕೊಂಡು ಹೋದೆ. ಮಿಡಿ ಇಲ್ಲದ ಕಾಲ. ಬಾಗಿದ ಮೂರು ಮರಗಳು ಕಣ್ಣಿಗೂ ಫೋಟೋದಲ್ಲೂ ಒಂದೇ ತರಹ ಕಂಡವು. ಎಲೆ ಹೊಸಕಿ ಮೂಸಿದೆ, ಗೊತ್ತಾಗಲಿಲ್ಲ.

"ಯಾವ್ದು ಹೇಳಿ. ಇಲ್ಲಾ ಮೂರರದ್ದೂ ಕುಯ್ಯನ?" ಎಂದ ಅವನು.

"ಇಪ್ಪತ್ತು ವರ್ಷದಿಂದ ಈ ಹೊಳೀ ನೋಡೇನಿ, ನನಗ ಕಲಿಸಬ್ಯಾಡ. ಇದೇ" ಎಂದು ನಡುವಿನದನ್ನು ತೋರಿಸಿದೆ.

ಎಲೆ ಸವರಿ, ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮೇಲೆ ಬಂದೆವು. ಜಗಲಿಯಿಂದಲೇ ಅಮ್ಮ ಕೇಳಿದರು: "ಗುರುತು ನೆನಪಿತ್ತಾ ತಮಾ?"

"ಮರೀತೀನೇನ್ರೀ ಅಮ್ಮಾ!"

ಅಷ್ಟು ಸಲೀಸಾಗಿ ಸುಳ್ಳು ಹೇಳಿದೆ. ದರದಲ್ಲಿ ಸೋತಿದ್ದೇನೆಂದು ಎಷ್ಟೋ ಸಲ ಒಪ್ಪಿಕೊಂಡವನಿಗೆ, ಮರೆತಿದ್ದೇನೆ ಎನ್ನಲು ಬಾಯಿ ಬರಲಿಲ್ಲ. ಆ ಮಳೆಗಾಲದಲ್ಲೇ ಮೂರೂ ಮರ ಹೊಳೆ ಪಾಲಾದವು.

ಕಸಿಗಿಡ ಮೊದಲ ಮಿಡಿ ಬಿಟ್ಟದ್ದು ಈ ವರ್ಷ. ಒಂದು ಹಿಡಿ ಕೊಯ್ದು ಅಮ್ಮನ ಮಡಿಲಿಗೆ ಹಾಕಿದೆ. ಅವರು ತೊಟ್ಟು ಮುರಿದು ಮೂಸಿದರು.

"ಇದು ಅದಲ್ಲ. ಪಕ್ಕದ್ದು."

ಆಗ ಎಲ್ಲ ಹೇಳಿದೆ, ಫೋಟೋದ ಕಥೆಯನ್ನೂ.

"ಫೋನಿಗೆ ಮೂಗಿದ್ದಾ ತಮಾ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಅವತ್ತು ಒಂದ್ ಮಾತು ಕೇಳಿದ್ರೆ ಆನು ಹೇಳ್ತಿದ್ದೆ" ಎಂದರು. ಬೈದಿದ್ದರೆ ವಾಸಿಯಿತ್ತು. ಉಳಿದ ಮಿಡಿಗಳನ್ನೂ ಒಂದೊಂದಾಗಿ ಮುರಿದು ಮೂಸುತ್ತಲೇ ಇದ್ದರು, ಯಾವುದರಲ್ಲಾದರೂ ಒಂಚೂರು ಜೀರಿಗೆ ಸಿಕ್ಕೀತೇನೋ ಎಂದು.

ನನ್ನಿಂದ ಬಿಟ್ಟಿ ಸಲಹೆ ಸಿಗುವುದು ಅಪರೂಪ, ತೆಗೆದುಕೊಳ್ಳಿ. ಫೋನಿನಲ್ಲಿ ಬರೆದಿಡಿ, ಬೇಡವೆನ್ನುವುದಿಲ್ಲ. ಆದರೆ ತೆರೆಯುವ ಮೊದಲು ಒಂದು ನಿಮಿಷ ತಲೆಯಲ್ಲಿ ಹುಡುಕಿ. ದಿನಾ ನಡೆಯುವ ದಾರಿಯಲ್ಲಿ ಕಂಡದ್ದನ್ನು ಸಾಲಾಗಿ ಹೇಳಿಕೊಳ್ಳಿ, ವಾಪಸು ಬರುವಾಗ ತಿರುಗಿಸಿ ಹೇಳಿ. ಹೆಸರಿನ ಜೊತೆ ವಾಸನೆಯನ್ನೋ ಆಕಾರವನ್ನೋ ಕಟ್ಟಿಹಾಕಿ, ಬರೀ ಹೆಸರು ನಿಲ್ಲುವುದಿಲ್ಲ. ಕಲಿತದ್ದನ್ನು ವಾರಕ್ಕೊಮ್ಮೆ ಇನ್ನೊಬ್ಬರಿಗೆ ಹೇಳಿಕೊಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಮರೆತಿದ್ದೀರಿ ಎಂದರ್ಥ. ಹಾಗೆ ಮರೆತದ್ದು ಗೊತ್ತಾದ ದಿನವೇ, ಗೊತ್ತಿದ್ದವರ ಜಗಲಿಗೆ ಹೋಗಿ ಕೇಳಿ.