ಜೈತುನಬಿ ಅಕ್ಕೋರ ಸಭೆಯಲ್ಲಿ ಕೈಕೊಟ್ಟ ಮೈಕು

ಇದು ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ನಡೆದದ್ದು. ಆಗ ನಾನು ಮೈಕ್‌ಸೆಟ್ಟಿನ ದಂಧೆಯಿಂದ ಅರ್ಧ ನಿವೃತ್ತನಾಗಿದ್ದೆ. ಅರ್ಧ ಅಂದರೆ, ಕಂಬ ಹತ್ತಿ ಹಾರ್ನು ಕಟ್ಟುವುದನ್ನು ಬಿಟ್ಟಿದ್ದೆ. ಕುರ್ಚಿಯಲ್ಲಿ ಕೂತು ಮಿಕ್ಸರಿನ ಗುಂಡಿ ತಿರುಗಿಸುವುದನ್ನು ಬಿಟ್ಟಿರಲಿಲ್ಲ. ಅಂಗಡಿ ಶಿರಹಟ್ಟಿಯಲ್ಲಿ. ಗದಗ-ಬೆಟಗೇರಿಯಿಂದ ಮುಂಡರಗಿಯ ತನಕ ನನ್ನ ಹಾರ್ನು ಕೇಳದ ಕಿವಿ ಇಲ್ಲ. ಒಮ್ಮೆ ಕೊರ್ಲಹಳ್ಳಿಯ ಮದುವೆಯಲ್ಲಿ 'ಎಲ್ಲರೂ ಊಟಕ್ಕೆ ಬರ್ರಿ' ಅಂತ ಕೂಗಿಸಿದ್ದಕ್ಕೆ ಹೊಳೆಯ ಆಚೆ ದಂಡೆಯವರೂ ತಾಟು ಹಿಡಿದು ಬಂದು ನಿಂತಿದ್ದರು. ನಂಬುವವರು ನಂಬಬಹುದು.

ದೊಡ್ಡ ಭಾಷಣಕಾರರೂ ನನ್ನನ್ನು ಕಂಡರೆ ಮೊದಲು ನಮಸ್ಕಾರ ಮಾಡುತ್ತಾರೆ. ಯಾಕೆಂದರೆ ಉದ್ದ ಮಾತಿಗೆ ನನ್ನ ಬಳಿ ಮೂರು ಔಷಧಗಳಿವೆ. ಮೊದಲನೆಯದು ಗುಳಿಗೆ: ಎಕೋ ಸ್ವಲ್ಪ ಏರಿಸುವುದು. ತಾನು ಆಡಿದ್ದು ತನಗೇ ತಿರುಗಿ ಬಂದು ಭಾಷಣಕಾರನಿಗೆ ಎಲ್ಲಿದ್ದೆ ಅನ್ನುವುದು ಮರೆಯುತ್ತದೆ. ಎರಡನೆಯದು ಇಂಜೆಕ್ಷನ್: ಅವನ ಕಡೆ ಮುಖ ಮಾಡಿ ಇಟ್ಟಿರುವ ಸ್ಪೀಕರಿಗೆ ಮಾನಿಟರ್ ಅನ್ನುತ್ತೇವೆ, ಅದನ್ನು ಬಂದ್ ಮಾಡುವುದು. ತನ್ನ ದನಿ ತನಗೆ ಕೇಳದೆ ಅವನು ಚೀರಿ ಚೀರಿ ಸುಸ್ತಾಗುತ್ತಾನೆ. ಮೂರನೆಯದು ಆಪರೇಷನ್. ಮೈಕಿನಿಂದ 'ಕುಂಯ್' ಅಂತ ಸಿಳ್ಳು ಹೊರಡಿಸುವುದು. ಇದಕ್ಕೆ ಎದುರು ನಿಂತು ಮಾತಾಡಿದ ಗಂಡಸನ್ನು ನಾನಿನ್ನೂ ಕಂಡಿಲ್ಲ.

ಆದರೆ ನನಗೂ ಒಬ್ಬರು ಔಷಧ ಕುಡಿಸಿದ್ದರು. ಅವರೇ ಜೈತುನಬಿ ಅಕ್ಕೋರು. ನನ್ನ ಅಂಗಡಿಯ ಹಿಂದಿನ ಗೋಡೆಗೆ ಹತ್ತಿ ಇದ್ದ ಸರಕಾರಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದರು. ಗಂಡ ಲಾರಿ ಡ್ರೈವರು, ಮನೆಯಲ್ಲಿದ್ದ ದಿನಗಳೇ ಕಡಿಮೆ. ಇದ್ದೊಬ್ಬ ಮಗ ದಾದಾಪೀರನೂ ಅವರ ವರ್ಗದಲ್ಲೇ ಕೂಡುತ್ತಿದ್ದ. ಅಕ್ಕೋರ ಸೆರಗಿನಲ್ಲಿ ಯಾವಾಗಲೂ ದಾರ ಪೋಣಿಸಿದ ಸೂಜಿ ಚುಚ್ಚಿರುತ್ತಿತ್ತು. ಗುಂಡಿ ಹರಿದ ಅಂಗಿಯ ಹುಡುಗ ಕಂಡರೆ ನಿಲ್ಲಿಸಿ ಹಚ್ಚಿಬಿಡುತ್ತಿದ್ದರು. ಅದನ್ನು ನೋಡಿ ನೋಡಿಯೇ ದಾದಾಪೀರ ಮುಂದೆ ಟೇಲರ್ ಆದ ಅನ್ನುವುದು ನನ್ನ ಲೆಕ್ಕ.

ಅವರ ವರ್ಗದ ಪದ್ಧತಿ ಒಂದೇ. ಏನಿದ್ದರೂ ಎಲ್ಲರೂ ಕೂಡಿ ಹೇಳಬೇಕು. ಮಗ್ಗಿ ಕೂಡಿ, ಪಾಠ ಕೂಡಿ, ಕಡೆಗೆ 'ನೀರು ಕುಡಿಯಾಕ ಹೋಗ್ಲೇನ್ರಿ' ಅನ್ನುವುದೂ ಕೂಡಿ. ಹೀಗಾಗಿ ಒಬ್ಬನಿಗೆ ನೀರಡಿಸಿದರೆ ಇಡೀ ವರ್ಗ ನಲ್ಲಿಗೆ ಬರುತ್ತಿತ್ತು. ಸಂಜೆ ಮನೆಗೆ ಬಿಡುವಾಗ ಅವರೇ ಕಟ್ಟಿದ ಒಂದು ಪಾಠವಿತ್ತು:

'ದಾರಿ ದಾಟೂಮುಂದ ಎರಡೂ ಕಡೆ ನೋಡತೀವಿ. ಬಾಂವಿ ಹಣಿಕಿ ಹಾಕೂದಿಲ್ಲ. ನಾಯಿಗೆ ಕಲ್ಲ ಒಗಿಯೂದಿಲ್ಲ. ಮನಿಗೆ ಹೋಗಿ ಕೈಕಾಲ ತೊಳಕೋತೀವಿ. ನಾಳಿ ತಪ್ಪದ ಬರತೀವಿ, ಅಕ್ಕೋರ.'

ನಾನು ರಿಪೇರಿಯಾದ ಆಂಪ್ಲಿಫೈಯರಿಗೆ ಸಿನೆಮಾ ಹಾಡು ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಅಕ್ಕೋರು ಒಂದು ದಿನ ಅಂಗಡಿಗೆ ಬಂದರು.

"ಬಸಣ್ಣಾರ, ನಮ್ಮ ಹುಡುಗುರಿಗೆ ನಿಮ್ಮ ಹಾಡ ಬಾಯಿಪಾಠ ಆಗ್ಯಾವು. ಮಗ್ಗಿ ಆಗವಲ್ವು. ನೀವ ಒಂದ ಸಾಲಿ ತಗೀರಿ, ನಾ ಬಂದ ಮೈಕ ರಿಪೇರಿ ಮಾಡತೀನಿ."

ನನ್ನನ್ನು ಕೆಣಕಿ ಉಳಿದವರಿಲ್ಲ. ಮರುದಿನ ಸಂಜೆ ಗೋಡೆಯ ಮೇಲೆ ಗುಟ್ಟಾಗಿ ಒಂದು ಮೈಕು ಇಟ್ಟು, ವೈರು ಎಳೆದು, ಬಜಾರದ ಕಡೆ ಮುಖ ಮಾಡಿದ ಹಾರ್ನಿಗೆ ಕೊಟ್ಟೆ. 'ನಾಯಿಗೆ ಕಲ್ಲ ಒಗಿಯೂದಿಲ್ಲ' ಅಂತ ಇಡೀ ಪೇಟೆಗೆ ಕೇಳಿಸಿತು. ಅಕ್ಕೋರು ನಾಚಿ ಹೈರಾಣಾಗುತ್ತಾರೆ ಅಂತ ಕಾಯುತ್ತಾ ಕೂತೆ. ಮರುದಿನ ಬಂದರು.

"ನಿನ್ನೆ ನಮ್ಮ ಹುಡುಗುರ ದನಿ ಪ್ಯಾಟಿತನಕಾ ಹೋತಂತ. ಆದ್ರ ಒಡದ ಒಡದ ಕೇಳಸ್ತಂತಲ್ರಿ. ನಿಮ್ಮ ಮೈಕ ಹಳೇದಾಗೇತೇನು?"

ಮಾನದ ಪ್ರಶ್ನೆ. ಗದಗಿಗೆ ಹೋಗಿ ಹೊಸ ಮೈಕು ತಂದು ಹಾಕಿದೆ. ಆಮೇಲೆ ಅದು ವರ್ಷಗಟ್ಟಲೆ ನಡೆಯಿತು. ಅದನ್ನು ಕೇಳಿ ತಾಯಂದಿರು ಬಾಗಿಲಿಗೆ ಬರುತ್ತಿದ್ದರು, ಅಂಗಡಿಯವರು ಚಹಾಕ್ಕೆ ಏಳುತ್ತಿದ್ದರು. ಆ ಗುಂಪಿನಲ್ಲಿ ದಾದಾಪೀರನ ದನಿ ಎಲ್ಲಕ್ಕಿಂತ ತಿಳಿಯಾಗಿ ಮುಂದೆ ಇರುತ್ತಿತ್ತು. ಅದೇ ಹುಡುಗ ಒಬ್ಬನೇ ನನ್ನ ಅಂಗಡಿಗೆ ಬಂದರೆ, 'ಕಾಕಾ' ಅನ್ನುವಷ್ಟರಲ್ಲಿ ನಾನು ಒಂದು ಬೀಡಿ ಸೇದಿ ಮುಗಿಸುತ್ತಿದ್ದೆ. ಅವನಿಗೆ ಉಗ್ಗು. ದೊಡ್ಡವನಾದರೂ ಅದು ಹೋಗಲಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಕೂಡಿ ಕಲ್ಯಾಣ ಮಂಟಪದಲ್ಲಿ ನುಡಿನಮನ ಇಟ್ಟರು. ಹಿಂದಿನ ದಿನ ದಾದಾಪೀರ ಅಂಗಡಿಗೆ ಬಂದ. ತಲೆ ಬೆಳ್ಳಗಾಗಿತ್ತು.

"ಕಾ... ಕಾಕಾ, ನಾಳೆ ನಾ ಎರಡ ಮಿನಿಟ ಮಾತಾಡಾಂವ."

"ಎರಡ ಮಿನಿಟ ನಿನಗ ಎಲ್ಲಿ ಸಾಕಾಗ್ತಾವಲೇ. ರಾತ್ರಿನ ಶುರು ಮಾಡು," ಅಂದೆ.

ನಕ್ಕ. ನನ್ನ ಚೇಷ್ಟೆ ಅವನಿಗೆ ಹೊಸದಲ್ಲ. ಆಮೇಲೆ ಹೇಳಿದ: "ಹು... ಹುಟ್ಟಿದಾಗಿಂದ ನನ್ನ ಮಾತ ಮಂದಿನ ಆಡ್ಯಾರ ಕಾಕಾ. ಅಮ್ಮಿನ ಮಣ್ಣ ಮಾಡಿದ ದಿನಾನೂ ಚಾ... ಚಾಚಾನ ಮಾತಾಡಿದಾ. ಇದೊಂದು ನಾನ ಆಡಬೇಕು."

ಅವನ ಕೈಗೆ ಕಾರ್ಡ್‌ಲೆಸ್ ಮೈಕು ಕೊಡುತ್ತೇನೆ, ಸರದಿ ಬಂದಾಗ ಕೂತಲ್ಲೇ ಎದ್ದು ನಿಂತರೆ ಸಾಕು ಅಂತ ಮಾತು ಕೊಟ್ಟೆ.

ಮರುದಿನ ಮಂಟಪ ತುಂಬಿತ್ತು. ಸಂಜೆ ಐದಕ್ಕೆ ಅದನ್ನು ಮದುವೆಯವರಿಗೆ ಬಿಡಬೇಕಿತ್ತು. ಅವರ ಅಡುಗೆಯವರು ನಾಲ್ಕೂವರೆಗೇ ಭಾಂಡೆ ಹೊತ್ತು ಬಾಗಿಲಲ್ಲಿ ನಿಂತಿದ್ದರು. ವೇದಿಕೆಯಲ್ಲಿ ಒಬ್ಬ ಗುತ್ತಿಗೆದಾರರು, ತಾವು ಅಕ್ಕೋರ ಹತ್ತಿರ ಕಲಿತವರು ಅಂತ ಶುರು ಮಾಡಿ, ಆಮೇಲೆ ತಾವು ಕಟ್ಟಿದ ಸೇತುವೆಗಳನ್ನು ಒಂದೊಂದಾಗಿ ದಾಟುತ್ತಿದ್ದರು. ಗುಳಿಗೆ ಕೊಟ್ಟೆ; ಎಕೋ ಅವರಿಗೆ ಹಿಡಿಸಿತು, ಇನ್ನಷ್ಟು ಗಂಭೀರವಾದರು. ಇಂಜೆಕ್ಷನ್ ಕೊಟ್ಟೆ, ಸೇತುವೆ ಕಟ್ಟಿದ ಗಂಟಲು ಅದು, ದಣಿಯಲಿಲ್ಲ. ಆಪರೇಷನ್ ಮಾಡಿದೆ. ಕಿವಿ ಮುಚ್ಚಿಕೊಂಡು ಕೂತರು.

ಸಂಘದ ಕಾರ್ಯದರ್ಶಿ ಗಡಿಯಾರ ನೋಡುತ್ತಾ ನನ್ನ ಹತ್ತಿರ ಓಡಿಬಂದ. "ಬಸಣ್ಣಾರ, ಟೈಮ್ ಆತು. ವಂದನಾರ್ಪಣಿ ಮಾಡಿ ಮುಗಸತೀನಿ."

"ದಾದಾಪೀರ?"

"ಅವಗೆಲ್ಲಿ ಮಾತ ಬರ್ತಾವ್ರಿ. ಮಂದಿ ನಕ್ಕರ ಅಕ್ಕೋರ ಮರ್ಯಾದಿ ಹೋಗ್ತೈತಿ."

ಕಾರ್ಯದರ್ಶಿ ವೇದಿಕೆ ಹತ್ತಿ 'ಮೊದಲನೆಯದಾಗಿ' ಅನ್ನುವಷ್ಟರಲ್ಲಿ ಅಲ್ಲಿನ ಮೈಕು ಸತ್ತಿತು. ಪಕ್ಕದ್ದು ಹಿಡಿದ, ಅದೂ ಸತ್ತಿತು. ಎರಡನ್ನೂ ಕುಟ್ಟಿ, ಊದಿ, ನನ್ನ ಕಡೆ ನೋಡಿದ. ನಾನು ಮಿಕ್ಸರಿನ ಹಿಂದೆ ಬಗ್ಗಿ, ಏನೂ ಆಗದ ವೈರನ್ನು ಬಹಳ ಕಾಳಜಿಯಿಂದ ಪರೀಕ್ಷಿಸಿದೆ. ಇಡೀ ಮಂಟಪದಲ್ಲಿ ಜೀವ ಇದ್ದದ್ದು ಒಂದೇ ಮೈಕಿಗೆ. ಅದು ದಾದಾಪೀರನ ಕೈಯಲ್ಲಿತ್ತು.

ಅವನು ಎದ್ದು ನಿಂತ.

"ಅ..." ಅಂದ. "ಅ... ಅ..."

ಮುಂದೆ ಬರಲಿಲ್ಲ. ಕುತ್ತಿಗೆಯ ನರ ಬಿಗಿಯಿತು, ಕಣ್ಣು ಮುಚ್ಚಿದ. ಬಾಗಿಲಲ್ಲಿ ಒಂದು ಭಾಂಡೆ ಢಣ್ ಅಂದಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಕೈ ಗುಂಡಿಗಳ ಮೇಲೆ ಹರಿದಾಡಿತು. ಮಾತು ನಿಲ್ಲಿಸುವ ಔಷಧ ನನ್ನ ಬಳಿ ಮೂರಿದ್ದವು. ಶುರು ಮಾಡಿಸುವುದು ಒಂದೂ ಇರಲಿಲ್ಲ. ವಾಲ್ಯೂಮ್ ಏರಿಸಿದೆ, ಉಗ್ಗೇ ಜೋರಾಯಿತು. ಕಾರ್ಯದರ್ಶಿ ದೂರದಿಂದ 'ಬಂದ್ ಮಾಡು' ಅಂತ ಕೈಸನ್ನೆ ಮಾಡುತ್ತಿದ್ದ.

ಆಗ ನೆನಪಾದದ್ದು ಗೋಡೆಯ ಮೇಲಿನ ಆ ಮೈಕು, ಅದರಲ್ಲಿ ಎಲ್ಲರಿಗಿಂತ ಮುಂದೆ ಬರುತ್ತಿದ್ದ ತಿಳಿಯಾದ ದನಿ. ಮಿಕ್ಸರಿನ ಪಕ್ಕದಲ್ಲಿ ನನ್ನದೊಂದು ಸಣ್ಣ ಮೈಕು ಇರುತ್ತದೆ. ಅದನ್ನು ತೆರೆದು, ಹಾರ್ನಿಗಿಂತ ಕೆಟ್ಟದಾದ ನನ್ನ ದನಿಯಲ್ಲಿ ಎತ್ತಿಕೊಂಡೆ:

"ದಾರಿ ದಾಟೂಮುಂದ..."

"ಎರಡೂ ಕಡೆ ನೋಡತೀವಿ," ಅಂತ ಮುಂದಿನ ಸಾಲಿನ ಮುದುಕಿಯೊಬ್ಬಳು ಅಂದಳು. "ಬಾಂವಿ ಹಣಿಕಿ ಹಾಕೂದಿಲ್ಲ," ಅನ್ನುವಾಗ ಅರ್ಧ ಮಂಟಪ ಸೇರಿತ್ತು. "ನಾಯಿಗೆ ಕಲ್ಲ ಒಗಿಯೂದಿಲ್ಲ," ಅಂತ ಗುತ್ತಿಗೆದಾರರು ಕೈಕಟ್ಟಿ ನಿಂತು ಹೇಳಿದರು. ಬಾಗಿಲಲ್ಲಿ ಅಡುಗೆಯವರೂ ಭಾಂಡೆ ಇಳಿಸಿ ದನಿಗೂಡಿಸಿದರು. ಅಷ್ಟರ ನಡುವೆ, ಎಲ್ಲಕ್ಕಿಂತ ಮುಂದೆ, ದಾದಾಪೀರನ ದನಿ ಒಂದು ಗಂಟೂ ಇಲ್ಲದ ದಾರದ ಹಾಗೆ ಬಂತು. ನಾನು ನನ್ನ ಮೈಕು ಮೆಲ್ಲಗೆ ಇಳಿಸಿದೆ.

"ನಾಳಿ ತಪ್ಪದ ಬರತೀವಿ, ಅಕ್ಕೋರ."

ದಾದಾಪೀರ ಅದೇ ಓಟದಲ್ಲಿ ಮುಂದುವರಿದ:

"ಅಮ್ಮಿ ಎಲ್ಲಾನೂ ಎಲ್ಲಾರ ಕಡಿಂದ ಕೂಡಿಸಿ ಹೇಳಸ್ತಿದ್ದಳು. ಯಾಕಂದ್ರ ನ... ನನಗ ಒಬ್ಬಾಂವಗ ಬರತಿದ್ದಿಲ್ಲ. ನಿಮಗೆಲ್ಲಾರಿಗೂ ತ್ರಾಸ ಆತು. ಮಾಫ್ ಮಾಡ್ರಿ."

ಇಷ್ಟೇ ಹೇಳಿ ಕೂತ. ಒಂದು ಮಿನಿಟೂ ಆಗಿರಲಿಲ್ಲ. ನೂರು ಜನರ ನಡುವೆ ಒಂದು ಅಪಸ್ವರ ಹೆಕ್ಕುತ್ತೇನೆ ಅಂತ ಮೂರು ತಾಲೂಕಿನಲ್ಲಿ ಮೀಸೆ ತಿರುವಿದವನು ನಾನು. ಗೋಡೆಯ ಆಚೆ ಒಬ್ಬ ತಾಯಿ ವರ್ಷಗಟ್ಟಲೆ ಏನು ನಡೆಸಿದ್ದಳು ಅನ್ನುವುದು ಮಾತ್ರ ಕೇಳಿಸಿರಲಿಲ್ಲ. ಇಡೀ ವರ್ಗಕ್ಕೆ ಗಟ್ಟಿ ಪಾಠವೂ ಆಯಿತು, ಒಬ್ಬನ ಉಗ್ಗೂ ಮುಚ್ಚಿತು, ಯಾರಿಗೂ ಗೊತ್ತಾಗಲಿಲ್ಲ. ಇಂಥ ಕೈಚಳಕ ನನ್ನಿಂದಲೂ ಆಗಿಲ್ಲ, ಹೇಳಿಬಿಡುತ್ತೇನೆ.

ನನ್ನ ಕಸುಬು ಕಲಿಸಿದ್ದು ಇಷ್ಟು: ಒಂದು ದನಿ ಮೇಲೇಳದಿದ್ದರೆ ವಾಲ್ಯೂಮ್ ಏರಿಸಬಾರದು. ಪಕ್ಕದಲ್ಲಿ ಇನ್ನೊಂದು ದನಿ ಇಡಬೇಕು, ಮೊದಲನೆಯದು ಎದ್ದ ಮೇಲೆ ಪಕ್ಕದ್ದನ್ನು ಇಳಿಸಬೇಕು.

ವೈರು ಸುತ್ತುವಾಗ ಕಾರ್ಯದರ್ಶಿ ಬಂದು, "ನಿಮ್ಮ ಮೈಕ ಹಳೇದಾಗ್ಯಾವ್ರಿ ಬಸಣ್ಣಾರ," ಅಂದ. ಈ ಮಾತು ಮೊದಲು ಅಂದ ಅಕ್ಕೋರದೇ ಸಭೆಯಿದು, ಅದಕ್ಕೇ ಇನ್ನೊಂದು ವೈರು ಎತ್ತಿಕೊಂಡೆ. ಅವನ ಹಿಂದೆಯೇ ದಾದಾಪೀರ ಕಾರ್ಡ್‌ಲೆಸ್ ವಾಪಸು ಕೊಡಲು ಬಂದ. "ಶು..." ಅಂದ. "ಶು... ಶು..."

ಬೀಡಿ ಹಚ್ಚಬೇಕೆಂದಿದ್ದವನು ಅದನ್ನು ಬಿಟ್ಟು, ಅವನ ಜೊತೆಗೇ ಬಾಯಿ ತೆರೆದೆ. ಇಬ್ಬರೂ ಕೂಡಿ ಹೇಳಿದೆವು: "ಶುಕ್ರಿಯಾ, ಬಸಣ್ಣ ಕಾಕಾ."

ನನಗೆ ನಾನೇ ಶುಕ್ರಿಯಾ ಹೇಳಿಕೊಂಡ ಹಾಗಾಯಿತು. ಅದೇನೂ ನನಗೆ ಹೊಸದಲ್ಲ.