ಅರ್ಥವಾಗದಿರುವುದೇ ಕಸುಬಾದವನು

ಬಸ್ರಾದ ಪಂಡಿತರಷ್ಟು ನಿರ್ದಯಿಗಳನ್ನು ನಾನು ಕಟುಕರ ಕೇರಿಯಲ್ಲೂ ಕಂಡಿಲ್ಲ. ಕಟುಕ ಕತ್ತಿ ಇಡುವ ಮುನ್ನ ದೇವರ ಹೆಸರನ್ನಾದರೂ ಹೇಳುತ್ತಾನೆ. ನಮ್ಮವರು ನಗುತ್ತಲೇ ಕೊಯ್ಯುತ್ತಾರೆ. ಹದಿನೆಂಟು ವರ್ಷ ಅವರ ಟೀಕೆಗಳನ್ನು ಪ್ರತಿ ಮಾಡಿ ಹೊಟ್ಟೆ ಹೊರೆದವನು ನಾನು. ಅವರ ಉಪ್ಪು ತಿಂದ ಬಾಯಿಂದಲೇ ಇದನ್ನು ಹೇಳುತ್ತಿದ್ದೇನೆ, ಯಾರು ಏನಾದರೂ ಅಂದುಕೊಳ್ಳಲಿ.

ಶುಬೈಲ ತಮೀಮ್ ಬುಡಕಟ್ಟಿನವನು, ಒಳಗಿನ ಮರಳುಗಾಡಿನವನು. ಒಂಟೆಗಳೆಲ್ಲ ಕಜ್ಜಿ ಹತ್ತಿ ಸತ್ತಮೇಲೆ, ಮೈಮೇಲಿನ ಕಂಬಳಿಯೊಂದನ್ನೇ ಆಸ್ತಿ ಮಾಡಿಕೊಂಡು ಬಸ್ರಾದ ಪಡುವಣ ಬಾಗಿಲಾಚೆಯ ಮಿರ್ಬದ್ ಸಂತೆಗೆ ಬಂದು ಬಿದ್ದ. ಆಗ ನಮ್ಮ ಉಸ್ತಾದ್ ಅಬೂ ಹರ್ಮಲ ಹಳೆಯ ಅರಬ್ಬಿ ವ್ಯಾಕರಣದ ದೊಡ್ಡ ಗ್ರಂಥಕ್ಕೆ ಟೀಕೆ ಬರೆಯಲು ಕೂತಿದ್ದರು. ಹಿಂದಿನ ಟೀಕಾಕಾರರೆಲ್ಲ ತಪ್ಪು ಎಂದು ಸಾಧಿಸುವುದೇ ಅವರ ಹಟ. ಆದರೆ ಸಾಕ್ಷಿ ಬೇಕಲ್ಲ? ನಮ್ಮ ನಾಲಿಗೆ ನಡೆಯದು. ಪಾರಸಿಗಳ ಜೊತೆ, ಜೌಗುನಾಡಿನ ನಬತಿಗಳ ಜೊತೆ ಬೆರೆತು ಅದು ಎಂದೋ ಕಲಬೆರಕೆಯಾಗಿದೆ. ಮರಳುಗಾಡಿನವನೇ ಬೇಕು. "ನಿಮ್ಮ ಕಡೆ ಇದನ್ನ ಹೇಗಂತೀರಿ?" ಎಂದು ಉಸ್ತಾದರು ಕೇಳುವರು. ಶುಬೈಲ ಹಲ್ಲು ಕೆದಕುತ್ತ ಏನು ಅಂದನೋ ಅದೇ ಪ್ರಮಾಣ. ಹೀಗೆ ಟೀಕೆಯ ನಲವತ್ತೊಂದು ಕಡೆ ಅವನ ಹೆಸರು ಕೂತಿತು. ಪ್ರತಿಯಾಗಿ ಅವನಿಗೆ ತಿಂಗಳಿಗೆ ಖರ್ಜೂರ, ಹಿಟ್ಟು, ಹಬ್ಬಕ್ಕೊಂದು ಮೇಲುಹೊದಿಕೆ ಸಿಗುತ್ತಿತ್ತು. ಇದಕ್ಕಿಂತ ಹೆಚ್ಚಾಗಿ, ಪೇಟ ಸುತ್ತಿದ ಪಂಡಿತರೆಲ್ಲ ಎದ್ದು ಅವನಿಗೆ ಜಾಗ ಬಿಡುತ್ತಿದ್ದರು. ಒಂಟೆ ಸತ್ತವನಿಗೆ ಅದು ಸಣ್ಣ ಮಾತಲ್ಲ.

ಆದರೆ ಈ ಕಸುಬಿಗೊಂದು ಕಟ್ಟಳೆಯಿತ್ತು. ಊರಲ್ಲಿ ಬಹಳ ಕಾಲ ಇದ್ದ ಮರಳುಗಾಡಿನವನ "ಚರ್ಮ ಮೆತ್ತಗಾಯಿತು" ಎನ್ನುತ್ತಾರೆ ನಮ್ಮ ಪಂಡಿತರು. ಮೆತ್ತಗಾಯಿತೋ ಇಲ್ಲವೋ ನೋಡಲು ಕೆಟ್ಟ ಅರಬ್ಬಿ ಆಡುವ ಹಮಾಲನನ್ನೋ ಮೀನು ಮಾರುವವಳನ್ನೋ ಕರೆತಂದು ಅವನೆದುರು ಮಾತಾಡಿಸುತ್ತಾರೆ. "ಇವನೇನಂತಾನೆ?" ಎಂದು ಮುಖ ಕಿವುಚಿದರೆ ಅವನ ನಾಲಿಗೆ ಶುದ್ಧ. ಅರ್ಥವಾಯಿತೋ, ಕೆಟ್ಟ. ಇಪ್ಪತ್ತು ವರ್ಷ ಸಾಕ್ಷಿ ಹೇಳಿದ ಮುದುಕನೊಬ್ಬ ದಾರಿ ತಪ್ಪಿದ ಪಾರಸಿ ಕೂಲಿಗೆ ಬಾವಿ ತೋರಿಸಿದ್ದಕ್ಕೆ ಅದೇ ಮಧ್ಯಾಹ್ನ ಆಚೆ ದಬ್ಬಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಶುಬೈಲನ ಅಪರಾಧ ಅದಕ್ಕಿಂತ ದೊಡ್ಡದು. ಅವನು ಜೌಗಿನ ನಬತಿ ಹೆಣ್ಣು ಮರ್ತಾಳನ್ನು ಗುಟ್ಟಾಗಿ ಮದುವೆಯಾಗಿದ್ದ. ಲೋಕ ನೋಡಲೆಂದು ಸಂತೆಯ ಅಂಚಿನಲ್ಲಿ ಹರಕು ಡೇರೆ. ನಿಜವಾದ ಸಂಸಾರ ಕಾಲುವೆ ದಂಡೆಯ ಜೊಂಡಿನ ಗುಡಿಸಲಲ್ಲಿ. ಅಲ್ಲಿ ಅವನು ಹೆಂಡತಿಯ ಜೊತೆ ಅವಳ ಮುರುಕು ಮಾತನ್ನೇ ಆಡುತ್ತಿದ್ದ. ಐದು ವರ್ಷದ ಮಗಳಿಗೆ, ಸಂತೆಯಲ್ಲಿ ಕಂಡರೆ ಅಪ್ಪ ಅನ್ನಬಾರದು ಎಂದು ಹೊಡೆದು ಕಲಿಸಿದ್ದ. ಏನೇ ಆದರೂ ಪಂಡಿತರ ಕೂಟಕ್ಕೆ ಬರುವುದಿಲ್ಲ, ಬಂದರೂ ಗಂಡ ಅನ್ನುವುದಿಲ್ಲ ಎಂದು ಮರ್ತಾಳಿಂದ ಆಣೆ ಹಾಕಿಸಿಕೊಂಡಿದ್ದ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅವನು ಬಂದ ಏಳನೇ ವರ್ಷ, ಖರ್ಜೂರದ ಕೊಯ್ಲಿನ ಹೊತ್ತಿಗೆ ಬಾಗ್ದಾದಿನಿಂದ ಇಬ್ನ್ ಫತೀಲ ಎಂಬ ಪಂಡಿತ ಬಂದ. ಅವನೂ ಅದೇ ಗ್ರಂಥಕ್ಕೆ ಟೀಕೆ ಬರೆಯುತ್ತಿದ್ದ. ಬರೆಯುವುದೇನು, ನಮ್ಮವರದನ್ನು ಕೆಡಹುವುದೇ ಅವನ ಕೆಲಸ.

"ನಲವತ್ತೊಂದು ಕಡೆ ಇವನೊಬ್ಬನೇ ಸಾಕ್ಷಿ!" ಎಂದ ಅವನು, ಸಂತೆಯ ಚಪ್ಪರದ ಕೆಳಗೆ ತುಂಬಿದ ಕೂಟದಲ್ಲಿ. "ಏಳು ವರ್ಷದಿಂದ ಊರಿನ ರೊಟ್ಟಿ ತಿಂತಿದಾನೆ. ನಾಚ್ಕೆ ಆಗಲ್ವೇನ್ರೀ ಅಬೂ ಹರ್ಮಲ?"

"ಪರೀಕ್ಷೆ ಮಾಡಿ ನೋಡಪ್ಪ, ಯಾರು ಬೇಡ ಅಂದ್ರು?" ಎಂದರು ಉಸ್ತಾದರು.

ಇಬ್ನ್ ಫತೀಲ ಮೊದಲು ಒಬ್ಬ ಪಾರಸಿ ಅಡುಗೆಯವನನ್ನು ಕರೆತಂದು ಮಾತಾಡಿಸಿದ. ಶುಬೈಲ ಅವನ ಬಾಯನ್ನೇ ನೋಡಿ, "ಈ ಒಂಟೆ ಯಾಕೆ ಗೊರಗೊರ ಅಂತಿದೆ? ಗಂಟಲಲ್ಲಿ ಮುಳ್ಳು ಸಿಕ್ಕಿದ್ಯಾ?" ಎಂದ. ಕೂಟ ಬಿದ್ದು ಬಿದ್ದು ನಕ್ಕಿತು. ಇನ್ನೊಬ್ಬನನ್ನು ತರುತ್ತೇನೆ, ತಾಳಿ ಎಂದ ಇಬ್ನ್ ಫತೀಲ.

ಅಷ್ಟರಲ್ಲಿ ಮರ್ತಾ ಬಂದಳು. ತೊಡೆಯವರೆಗೆ ಕೆಸರು, ತಲೆಯ ಬಟ್ಟೆ ಜಾರಿ ಹೆಗಲ ಮೇಲಿತ್ತು.

"ಅಯ್ಯ! ಹುಡುಗಿ ಕಾಲುವೆ ಕೆಸರು ಒಳಗೆ ಕೂತ! ಸೊಂಟ ಮಟ್ಟ! ನೀರು ಹತ್ತಿ ಬರ್ತಾನೆ! ಹಗ್ಗ ಕೊಡು, ಗಂಡಸು ಬಾ, ಎಳಿ ಎಳಿ!"

ಇಳಿತದಲ್ಲಿ ಏಡಿ ಹಿಡಿಯಲು ಹೋದ ಮಗಳು ಹೂಳಿನಲ್ಲಿ ಸಿಕ್ಕಿಕೊಂಡಿದ್ದಳು. ಉಬ್ಬರ ಏರುತ್ತಿತ್ತು. ಕೇರಿಯ ಗಂಡಸರೆಲ್ಲ ಕೊಯ್ಲಿಗೆ ಹೋಗಿದ್ದರು. ಅದಕ್ಕೇ ಅವಳು ಆಣೆ ಮುರಿದು ಓಡಿ ಬಂದದ್ದು.

ಅವಳ ಮಾತು ನಮಗೆಲ್ಲ ಅರ್ಥವಾಯಿತು, ಬಸ್ರಾದಲ್ಲಿ ಹುಟ್ಟಿದ ಯಾರಿಗಾಗದು? ಆದರೆ ಒಬ್ಬನೂ ಏಳಲಿಲ್ಲ. ಇವಳು ಇಬ್ನ್ ಫತೀಲ ಕಳಿಸಿದ ಪರೀಕ್ಷೆ ಎಂದು ನಮ್ಮವರು ತಿಳಿದರು. ಅಬೂ ಹರ್ಮಲರೇ ಹೇಳಿಕೊಟ್ಟು ಕರೆಸಿದ ನಟಿ ಎಂದು ಇಬ್ನ್ ಫತೀಲ ತಿಳಿದ.

"ಹುಡುಗಿ ಕೂತನಂತೆ! ನೀರು ಬರ್ತಾನಂತೆ!" ಎಂದನೊಬ್ಬ ಶಿಷ್ಯ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಸಿ ಚೆಲ್ಲೀತೆಂದು ಲೇಖನಿಯನ್ನು ಪಕ್ಕಕ್ಕಿಟ್ಟು ನಕ್ಕೆ.

ಆಗಲೂ ಆ ಹೆಂಗಸು ಗಂಡ ಅನ್ನಲಿಲ್ಲ. ಅವನ ಹೊದಿಕೆಯ ಅಂಚನ್ನು ಹಿಡಿದು ಜಗ್ಗಿದಳು, ಅಷ್ಟೇ.

"ಏನಂತಾಳಪ್ಪ ಶುಬೈಲ, ಈಕೆ?" ಎಂದು ಇಬ್ನ್ ಫತೀಲ ಮುಂದಕ್ಕೆ ಬಾಗಿದ.

ನಾನು ಮೊಳದ ದೂರದಲ್ಲಿ ಕೂತಿದ್ದೆ. ಶುಬೈಲನ ತುಟಿ ಒಣಗಿತ್ತು. ಸಿಟ್ಟು ಬಂದಿರಬೇಕು ಅಂದುಕೊಂಡೆ.

"ನಂಗೊತ್ತಿಲ್ಲ," ಎಂದ. "ಅದ್ಯಾವ ಹಕ್ಕಿ ಮಾತೋ."

ಮರ್ತಾ ಮಗುವಿಗೆ ತಿಳಿಹೇಳುವಂತೆ ನಿಧಾನವಾಗಿ ಇನ್ನೊಮ್ಮೆ ಅಂದಳು: "ಹುಡುಗಿ. ಕೆಸರು. ನೀರು."

"ಗೊತ್ತಾಗ್ಲಿಲ್ಲ ಅಂದೆನಲ್ಲ!" ಎಂದ ಶುಬೈಲ.

ಅವಳು ಅವನ ಮುಖವನ್ನು ನೋಡಿದಳು. ಕೈಯಿಂದ ಹೊದಿಕೆ ಬಿಟ್ಟು ಬಂದ ದಾರಿಯಲ್ಲೇ ಓಡಿದಳು. "ಚೆನ್ನಾಗಿ ಆಡ್ದೆ ಕಣವ್ವ, ತಗೊಂಡ್ಹೋಗು!" ಎಂದು ಶಿಷ್ಯನೊಬ್ಬ ಅವಳ ಬೆನ್ನಿಗೆ ಖರ್ಜೂರ ಎಸೆದ.

ಶುಬೈಲ ಎದ್ದ. "ನೀರು ಕುಡ್ಕೊಂಡು ಬರ್ತೀನಿ."

"ಈಗ್ಯಾಕೆ ಬಾಯಾರಿಕೆ?" ಎಂದ ಇಬ್ನ್ ಫತೀಲ. "ಅವಳು ಹೋದ ದಿಕ್ಕಲ್ಲೇ ಬಾವಿ ಇದ್ಯಾ? ನೀನು ಎದ್ದು ಹೋದ್ರೆ ಅವಳ ಮಾತು ತಿಳೀತು ಅಂತ ಬರ್ಕೋತೀನಿ."

"ಕೂತ್ಕೊಳೋ ಮಾರಾಯ," ಎಂದರು ಉಸ್ತಾದರು. "ನನ್ನ ಮಾನ ಕಳೀಬೇಡ."

ಅವನು ಕೂತ. ಇಬ್ನ್ ಫತೀಲ ಒಂದರ ಮೇಲೊಂದು ಪ್ರಶ್ನೆ ಹಾಕಿದ. ಇದನ್ನು ಹೇಗಂತೀರಿ, ಅದನ್ನು ಹೇಗಂತೀರಿ. ಶುಬೈಲ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಅರ್ಧ ಎದ್ದು, "ಒಂಟೆ ಕಟ್ಟಿ ಬರ್ತೀನಿ" ಎಂದ.

"ನಿಂಗೆಲ್ಲಿಯ ಒಂಟೆನೋ?" ಎಂದ ಇಬ್ನ್ ಫತೀಲ.

ಮತ್ತೆ ನಗು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೆ ಇಲಿಯ ಮೇಲೂ ನನಗೆ ಸಿಟ್ಟಿದೆ. ಅವನ ಕಾಲನ್ನು ಯಾರೂ ಕಟ್ಟಿ ಹಾಕಿರಲಿಲ್ಲ. ನಲವತ್ತೊಂದು ಕಡೆಯ ಹೆಸರಿಗಾಗಿ ಆ ಮನುಷ್ಯ ಮಧ್ಯಾಹ್ನದ ಬಾಂಗಿನವರೆಗೆ ಕೂತೇ ಇದ್ದ. ಉಸ್ತಾದರು ಬೀಗುತ್ತ ಹೇಳಿದ್ದನ್ನು ನಾನು ಟೀಕೆಯ ಹಾಳೆಯ ಅಂಚಿನಲ್ಲಿ ಬರೆದೆ: "ಶುಬೈಲನು ನಂಬಲು ಅರ್ಹ. ಊರಿನ ಕೆಟ್ಟ ಮಾತು ಅವನಿಗೆ ತಿಳಿಯದು. ನಮ್ಮ ಕಣ್ಣೆದುರೇ ಪರೀಕ್ಷಿಸಲಾಗಿದೆ."

ಬಾಂಗು ಕೇಳಿದ್ದೇ ತಡ, ಅವನು ಅಂಗಡಿಯೊಂದರಿಂದ ಒಂಟೆಯ ಹಗ್ಗ ಕಿತ್ತುಕೊಂಡು ಓಡಿದ. ಅಂಗಡಿಯವನು ಕಳ್ಳ ಕಳ್ಳ ಎಂದು ಕೂಗುತ್ತ ಬೆನ್ನಟ್ಟಿದ. ಏನಿದು ಎಂಬ ಕುತೂಹಲಕ್ಕೆ ನಾನೂ ಹಿಂದೆ ಓಡಿದೆ.

ಕಾಲುವೆ ತುಂಬಿತ್ತು. ಮರ್ತಾ ಕುತ್ತಿಗೆಮಟ್ಟ ನೀರಲ್ಲಿ ಮಂಡಿಯೂರಿ ಮಗಳ ತಲೆಯನ್ನು ಮೇಲೆತ್ತಿ ಹಿಡಿದಿದ್ದಳು. ಆ ತಲೆ ಆಗಲೇ ಜೋತುಬಿದ್ದಿತ್ತು. ಸತ್ತಮೇಲೂ ಹೂಳು ಆ ಕೂಸನ್ನು ಬಿಡಲಿಲ್ಲ. ಹಗ್ಗ ಕಟ್ಟಿ, ನಾನು, ಅವನು, ಅಂಗಡಿಯವನು ಮೂವರೂ ಸೇರಿ ಎಳೆಯಬೇಕಾಯಿತು. ಸಂತೆಯಿಂದ ಅಲ್ಲಿಗೆ ಇನ್ನೂರು ಹೆಜ್ಜೆ.

"ಮರ್ತಾ, ನಾನು ಬಂದಿತು," ಎಂದ ಶುಬೈಲ, ಅವಳದೇ ಮುರುಕು ಮಾತಿನಲ್ಲಿ, ತಡವರಿಸದೆ. "ನೋಡು, ನಾನು ಬಂದಿತು." ನನಗೆ ಎಲ್ಲವೂ ತಿಳಿದದ್ದು ಆಗಲೇ.

ಮರ್ತಾ ಅಷ್ಟರಲ್ಲಿ ದಂಡೆಯಲ್ಲಿ ನೆರೆದಿದ್ದ ಕೇರಿಯ ಹೆಂಗಸರ ಕಡೆ ತಿರುಗಿದಳು.

"ಈ ಗಂಡಸು ಏನು ಹೇಳ್ತಾಳೆ? ನನಗೆ ಗೊತ್ತಾಗಲ್ಲ."

ನಾಲ್ಕನೇ ದಿನ ಶುಬೈಲ ಕೂಟಕ್ಕೆ ಬಂದ. ಇಬ್ನ್ ಫತೀಲ ಸೋತ ಮುಖ ಹೊತ್ತು ಊರು ಬಿಟ್ಟಾಗಿತ್ತು. ಶುಬೈಲ ತನ್ನ ಜಾಗದಲ್ಲಿ ಕೂರದೆ ನಡುವೆ ನಿಂತ.

"ಅವತ್ತು ನಂಗೆ ಅರ್ಥ ಆಗಿತ್ತು, ಅಬೂ ಹರ್ಮಲ. ಒಂದೊಂದು ಮಾತೂ ಆಗಿತ್ತು. ಅವಳು ನನ್ನ ಹೆಂಡ್ತಿ. ಸತ್ತದ್ದು ನನ್ನ ಮಗಳು."

ಉಸ್ತಾದರಿಗೆ ನಾಲ್ವರು ಹೆಣ್ಣುಮಕ್ಕಳು. ಅವರು ಅಳುತ್ತಾರೆ, ಎದ್ದು ಬಂದು ಇವನನ್ನು ಹಿಡಿದುಕೊಳ್ಳುತ್ತಾರೆ ಅಂದುಕೊಂಡೆ, ನಾನೊಬ್ಬ ಮಂಕ. ಅವರು ಗಡ್ಡ ನೀವಿಕೊಂಡರು.

"ಇದನ್ನ ಇಬ್ನ್ ಫತೀಲನ ಕಡೆಯವರ ಹತ್ರ ಹೇಳಿದ್ಯಾ?"

"ಇಲ್ಲ."

"ಸದ್ಯ." ಅವರು ನನ್ನ ಕಡೆ ತಿರುಗಿದರು. "ಮುಯಸ್ಸರ್, ಚಾಕು ತಗೋ. ಅವರಿಗೆ ತಿಳಿಯೋ ಮೊದಲೇ ಇವನ ಹೆಸರನ್ನ ನಾವೇ ಕೆರೆದು ತೆಗೆದುಬಿಡೋಣ. ನಲವತ್ತೊಂದೂ."

"ಬೈಯಾದ್ರೂ ಬೈಯಪ್ಪ!" ಎಂದು ಶುಬೈಲ ಕೂಗಿದ. "ಹೊಡಿ! ಏನಾದ್ರೂ ಅನ್ನು!"

ಮೂಲೆಯಲ್ಲಿದ್ದ ಶಿಷ್ಯನೊಬ್ಬ ಅಭ್ಯಾಸಬಲದಿಂದ ಆ ಮಾತನ್ನೂ ಗುರುತು ಹಾಕಿಕೊಳ್ಳುತ್ತಿದ್ದ. ಉಸ್ತಾದರು ಕೈಯೆತ್ತಿ ಅವನನ್ನು ತಡೆದರು. "ಬರ್ಕೋಬೇಡ. ಇವನ ಮಾತು ಇನ್ಮೇಲೆ ಪ್ರಮಾಣ ಅಲ್ಲ."

ನಾನು ಚಾಕು ಮಸೆದುಕೊಂಡು ಮೊದಲ ಹಾಳೆಯಿಂದ ಕೆರೆಯಲು ಕೂತೆ. ಅವನು ನಿಂತೇ ಇದ್ದ. ಸಂಜೆಯೊಳಗೆ ಹತ್ತೊಂಬತ್ತು ಮುಗಿದವು.